ಅಚ್ಚಾದ ಒಂದೇ ಸಾಲು

೧೮೪೬ ಜುಲೈ ೯, ಗುರುವಾರ

ವರ್ಷಕ್ಕೊಮ್ಮೆ ಬರುವ ಹಡಗು ಇವತ್ತು ಬಂತು. ನಮ್ಮನ್ನು ಈ ದ್ವೀಪಕ್ಕೆ ಬೋಧಕರಾಗಿ ಕಳಿಸಿದ ಲಂಡನ್ನಿನ ಸಂಘ ನನ್ನ ಹಿಂದಿನ ಕಾಗದವನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದೆ. ಹಡಗಿನಲ್ಲಿ ಬಂದ ಪಾದ್ರಿ ಕ್ರಾಸ್ಲೆ ಓದಿ ಹೇಳಿದರು. "ಇಲ್ಲಿನ ಮಕ್ಕಳು ಇಂಪಾಗಿ ಹಾಡುತ್ತಾರೆ." ಅಷ್ಟೇ. ಹೆಂಡತಿ ಮೆರೆ ಜ್ವರದಲ್ಲಿ ಸತ್ತಳು, ನಮ್ಮನ್ನು ನಮ್ಮೂರು ರಾರೊಟೊಂಗಾಕ್ಕೆ ವಾಪಸು ಕರೆಸಿಕೊಳ್ಳಿ ಎಂದು ಬರೆದದ್ದು ಎಲ್ಲೂ ಇಲ್ಲ. ಸಂಘದ ಅಪ್ಪಣೆಯಿಲ್ಲದೆ ಹಡಗು ಹತ್ತುವಂತಿಲ್ಲ.

"ದುಃಖದ ಸುದ್ದಿ ಓದಿದ್ರೆ ಲಂಡನ್ನಿನವರು ಎದೆಗುಂದ್ತಾರಪ್ಪಾ," ಎಂದರು ಪಾದ್ರಿಗಳು.

ಈ ಸಲ ಹಾಡಿನ ಮಾತೇ ಎತ್ತಲಿಲ್ಲ. ಮಗಳು ತೆಪೋರಿಗೂ ಜ್ವರ ಬಂದಿದೆ ಎಂದಷ್ಟೇ ಬರೆದೆ.

"ಕೊನೇಲಿ ಒಂದು ಒಳ್ಳೆ ಮಾತು ಸೇರ್ಸು," ಎಂದು ಪಾದ್ರಿಗಳು ಕಾಗದ ವಾಪಸು ಕೊಟ್ಟರು.

ಬೆಳಿಗ್ಗೆ ಹಡಗು ಹೊರಡುತ್ತದೆ. ತೆಪೋರಿ ಮಲಗಿದಲ್ಲೇ ಅಮ್ಮ ಕಲಿಸಿದ ಹಾಡು ಗುನುಗುತ್ತಿದ್ದಾಳೆ. ಇದನ್ನು ಬರೆದರೆ ಸಂಘದವರು ಇದೊಂದನ್ನೇ ಅಚ್ಚು ಹಾಕಿಸುತ್ತಾರೆ.