ಅರ್ಧ ಕೊಯ್ದ ಹಲಸು

ಶಿಕಾರಿಪುರ, ಗುರುವಾರ

ಜಡೆ ಊರಿನ ಆನಂದಪ್ಪನವರಿಗೆ ಸಲಾಂ.

ನೀವು ಹರಿತ ಮಾಡಲು ಕೊಟ್ಟ ಬ್ಯಾಟರಿ ಗರಗಸದ ಚೈನು ಇಂದು ಬೆಳಿಗ್ಗೆ ಮತ್ತೆ ಮೊಂಡಾಗಿತ್ತು. ಮೊದಲು ನೋಡಿದವಳು ಅಂಗಡಿ ಬಾಗಿಲು ತೆಗೆದ ನನ್ನ ಹೆಂಡತಿ ರುಕ್ಸಾನಾ. ನಿನ್ನೆ ಸಂಜೆಯಷ್ಟೇ ಪ್ರತಿ ಹಲ್ಲನ್ನೂ ಅರದಿಂದ ಮೂರು ಸಲ ಉಜ್ಜಿ, ಒರೆಸಿ, ಎಣ್ಣೆ ಹಾಕಿಟ್ಟಿದ್ದೆ. ಬ್ಯಾಟರಿ ನಿಮ್ಮ ಮನೆಯಲ್ಲೇ ಇದೆ. ಆದರೂ ಹಲ್ಲುಗಳ ನಡುವೆ ಹಳದಿ ಪುಡಿ, ಹಸಿ ಹಲಸಿನ ಅಂಟು. ಮೂರು ದಿನದಿಂದ ಹೀಗೇ ಆಗುತ್ತಿದೆ.

“ಆನಂದಪ್ಪನವರ ತಮ್ಮ ತೀರ್ಥೇಶಣ್ಣ ಇದೇ ಗರಗಸದಲ್ಲಿ ಅರ್ಧ ಕೊಯ್ದು, ಅಲ್ಲೇ ಕುಸಿದು ಸತ್ತರಲ್ಲ, ಆ ಮರಾನೂ ಹಲಸೇ ಅಲ್ವೇನ್ರೀ?” ಎಂದಳು ರುಕ್ಸಾನಾ.

ಆ ಮರದ ಕೊಯ್ತ ನಾಲ್ಕು ಬೆರಳು ಆಳ ಎಂದಿದ್ದಿರಿ. ದಯವಿಟ್ಟು ಇಂದೇ ಅಳೆಯಿರಿ. ಅದಕ್ಕಿಂತ ಹೆಚ್ಚಾಗಿದ್ದರೆ ಮರ ಬಿದ್ದೀತು; ತೀರ್ಥೇಶಣ್ಣನ ಹೆಂಡತಿ ನಯನಮ್ಮನೂ ಮಗುವೂ ಮರದ ಪಕ್ಕದ ಕೋಣೆಯಲ್ಲಿ ಮಲಗುವುದು ಬೇಡ.

ಶನಿವಾರ ಹತ್ತರ ಬಸ್ಸಿಗೆ ಗರಗಸ ತರುತ್ತೇನೆ. ಉಳಿದದ್ದನ್ನು ನಾವೇ ಕೊಯ್ಯೋಣ.

ನಿಮ್ಮ,
ಮುಬಾರಕ್