ಸದ್ದಿಲ್ಲದೆ ಬಂದ ದೋಣಿ

ಕೃಷ್ಣೆಯ ದಂಡೆ, ಮಿರಜ ತಾಲೂಕು
೧೨ ನವೆಂಬರ್ ೧೯೯೭

ಅಜಿತನ ಅಪ್ಪನವರಿಗೆ, ಜಯ ಜಿನೇಂದ್ರ.

ನಾನೇ ಮೊದಲು ಬರೆಯಬಾರದೆಂದು ಹಟ ಹಿಡಿದಿದ್ದೆ. ನಿಮ್ಮ ಪೈಪು ಬರೆಯಿಸಿತು.

ಆದಪ್ಪ ಕಾಕಾ ತಮ್ಮ ದೋಣಿಯ ಎಂಜಿನ್ನಿನ ಹೊಗೆ ಪೈಪನ್ನು ಬಿಚ್ಚಿಕೊಂಡು ಕುಪವಾಡಕ್ಕೆ ಹೊರಟಾಗ, ಅದಕ್ಕೆ ಸುತ್ತಲು ಗೋಣಿಚೀಲ ಕೊಟ್ಟವಳು ನಾನೇ. ಪೈಪು ತುಕ್ಕು ತಿಂದು ಜರಡಿಯಾಗಿತ್ತು. "ಹೊಗಿ ಎಲ್ಲಾ ಸಾಲಿ ಹುಡುಗ್ಯಾರ ಮುಖಕ್ಕ ಬಡೀತೈತಿ, ಕೆಮ್ಮಿ ಕೆಮ್ಮಿ ಸಾಯಾಕತ್ತಾವ" ಎಂದರು. ನಿಮ್ಮ ಅಂಗಡಿಗೇ ಒಯ್ಯಿರಿ ಎಂದೆ. ಮುನಿಸು ನಿಮ್ಮ ಮೇಲಿದ್ದರೂ ನಿಮ್ಮ ಕೈಯ ಮೇಲೆ ನನಗೆ ನಂಬಿಕೆಯಿದೆ.

ಹೊಸ ಪೈಪು ಬಂತು. ಬೆಸುಗೆಯ ಮೇಲೆ ಬೆರಳಾಡಿಸಿದೆ, ಎಲ್ಲೂ ಗಂಟಿಲ್ಲ. ಕಾಕಾಗೆ ಹಿಗ್ಗೋ ಹಿಗ್ಗು: "ಭೂಪಾಲಂದು ಛಲೋ ಕೈ ನೋಡವ್ವಾ. ಈಗ ಎಂಜಿನ್ ಮಗ್ಗಲಕ ಕುಂತು ಪಿಸಿಪಿಸಿ ಮಾತಾಡಬಹುದು."

ಅನಾಹುತವಾದದ್ದು ಅಲ್ಲೇ, ದೋಣಿಯ ಸದ್ದೇ ಅಡಗಿತು. ಆ ಫಟಫಟ ಸದ್ದು ನದಿಯ ತಿರುವಿನಲ್ಲಿ ಕೇಳಿಸಿದೊಡನೆ ನಾನು ರೊಟ್ಟಿ ಬಡಿಯಲು ಕೂರುತ್ತಿದ್ದೆ, ನೆನಪಿದೆಯೇ? ಹೊತ್ತು ಮುಳುಗಿದ ಮೇಲೆ ಉಣ್ಣದ ಮನೆ ನಮ್ಮದು. ಅಜಿತ ಕಾರ್ಖಾನೆಯಿಂದ ಸಂಜೆಯ ದೋಣಿಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ತಾಟು ಸಿದ್ಧವಿರಬೇಕಿತ್ತು. ಕುಪವಾಡದ ರಸ್ತೆಯಲ್ಲಿ ಲಾರಿ ಅವನನ್ನು ಬಲಿ ತೆಗೆದುಕೊಂಡ ದಿನವೂ ದೋಣಿ ಹೊತ್ತಿಗೆ ಸರಿಯಾಗಿ ಬಂತು. ನಾನು ಬಡಿಸಿಟ್ಟು ಕಾದೆ.

ನೀವು ಅದೇ ರಸ್ತೆಯ ಪಕ್ಕದಲ್ಲಿ ಖೋಲಿ ಹಿಡಿದಿರಿ. ಆ ಲಾರಿಗಳ ನಡುವೆ ಹೇಗೆ ನಿದ್ದೆ ಬರುತ್ತದೆ ಎಂದು ಬೈದೆ. "ನದೀ ದಂಡ್ಯಾಗ ಕುಂತು ನೀ ಯಾರ ಹಾದಿ ನೋಡ್ತಿ?" ಎಂದಿರಿ. ಅಂದಿನಿಂದ ಮಾತಿಲ್ಲ.

ನಮ್ಮವ್ವನ ಸಂಗತಿ ಹೇಳಬೇಕು. ನನ್ನ ಜೊತೆಗಿರಲು ಬಂದವಳಿಗೆ ಈಗ ಅರಳುಮರಳು. ದೋಣಿಯ ಸದ್ದು ಕೇಳಿದರೆ ಸಾಕು, "ಅಜಿತ ಬಂದಾ" ಎಂದು ಎದ್ದು ತಾಟು ಹಾಕುತ್ತಾಳೆ. ರೊಟ್ಟಿ, ಪಲ್ಯ, ಅವನಿಗಿಷ್ಟದ ಶೇಂಗಾ ಚಟ್ನಿ. ಹೊರಗೆ ಕಾಲು ತೊಳೆಯುವ ಸಪ್ಪಳವೂ ಕೇಳಿಸುತ್ತದಂತೆ. ಹೊತ್ತು ಮುಳುಗುವವರೆಗೆ ಕಾದು ತಾನೂ ಉಪವಾಸ ಮಲಗುತ್ತಾಳೆ.

ಮೊನ್ನೆ ಒಲೆಯ ಮುಂದೆ ಕಿವಿಗೊಟ್ಟು ಕೂತೇ ಇದ್ದಳು. ಬಾಗಿಲಿಗೆ ಬಂದು ನೋಡಿದರೆ ದೋಣಿ ಆಗಲೇ ದಂಡೆಯಲ್ಲಿತ್ತು, ಜನ ಇಳಿದು ಹೋಗಿದ್ದರು. ಅಜಿತ ಎರಡನೇ ಸಲ ಹೋದ ಎಂದು ಅತ್ತಳು. ಹಳೆಯ ಪೈಪನ್ನು ನೀವು ಎಸೆದಿಲ್ಲ ತಾನೇ? ಕಾಕಾನ ಕೈಯಲ್ಲಿ ಅದನ್ನೇ ಕಳಿಸಿಬಿಡಿ. ಹುಡುಗಿಯರು ಓಢಣಿಯನ್ನು ಮೂಗಿಗೆ ಹಿಡಿದುಕೊಳ್ಳಲಿ. ಮುದುಕಿಯ ಸಲುವಾಗಿ ಇಷ್ಟು ಮಾಡಿ.

ಇಂತಿ,
ಅಜಿತನ ಅವ್ವ

ತಾ.ಕ.: ಅಂಟಿಸಿದ ಪತ್ರವನ್ನು ಮತ್ತೆ ಬಿಚ್ಚಿದೆ. ಅವ್ವ ದಸರೆಗೆ ಮೊದಲೇ ಲಿಂಗನೂರಿನ ತನ್ನ ಮನೆಗೆ ಹೋದಳು. ಗಟ್ಟಿಯಾಗಿದ್ದಾಳೆ, ಬುದ್ಧಿಯೂ ನೆಟ್ಟಗಿದೆ. ನಿಮಗೆ ಹೇಳಬಾರದೆಂದು ಕಾಕಾಗೆ ಆಣೆ ಹಾಕಿದ್ದೆ. ಈ ಮನೆಯಲ್ಲಿರುವವಳು, ತಾಟು ಹಾಕಿ ಕಾಯುವವಳು ನಾನೊಬ್ಬಳೇ. ಹಳೆಯ ಪೈಪು ಕಳಿಸಬೇಡಿ. ಆ ಮಕ್ಕಳು ಕೆಮ್ಮುವುದು ಬೇಡ. ನೀವೇ ಸಂಜೆಯ ದೋಣಿಗೆ ಬನ್ನಿ. ಸದ್ದು ಕೇಳಿಸುವುದಿಲ್ಲ, ನಡುನೀರಿನಿಂದಲೇ ನನ್ನ ಹೆಸರು ಹಿಡಿದು ಕೂಗಿರಿ. ರೊಟ್ಟಿ ಬಡಿಯುತ್ತೇನೆ.
ಅಲಕಾ