ನಲವತ್ತು ಸೆಕೆಂಡು

ಜೂನ್ 3, ಸೋಮವಾರ

ಇವತ್ತು ಐವತ್ತೆರಡು ರೆಕಾರ್ಡಿಂಗ್ ಕೇಳಿದೆ. ಇನ್ನೂ ನೂರಾ ಮೂವತ್ತು ಬಾಕಿ. ಶುಕ್ರವಾರದೊಳಗೆ ಮುಗಿಸಬೇಕಂತೆ. ಕಿವಿ ನನ್ನದೋ ಪರಿಷತ್ತಿನದೋ ಎಂದು ಅನುಮಾನ ಶುರುವಾಗಿದೆ.

ಕಲಾ ಪರಿಷತ್ತಿನ ಹೊಸ ಯೋಜನೆ — 'ಮರಳಿ ವೇದಿಕೆಗೆ'. ಕಾಯಿಲೆಯಿಂದಲೋ ಸಂಸಾರದಿಂದಲೋ ಹಾಡು, ವಾದ್ಯ ಬಿಟ್ಟವರಿಗೆ. ಆರು ತಿಂಗಳು ಅಭ್ಯಾಸಕ್ಕೆ ಒಂದು ಕೋಣೆ, ಜೊತೆಗೆ ನುಡಿಸಲು ಜನ, ಕೊನೆಗೆ ನಮ್ಮದೇ ಸಭಾಂಗಣದಲ್ಲಿ ಒಂದು ಕಾರ್ಯಕ್ರಮ. ಯೋಜನೆ ಒಳ್ಳೆಯದೇ. ಆದರೆ ಊರಲ್ಲಿ ಇಷ್ಟು ಜನ ಹಾಡು ಬಿಟ್ಟಿದ್ದಾರೆಂದು ಯಾರಿಗೆ ಗೊತ್ತಿತ್ತು! ಬಿಟ್ಟಿದ್ದೇ ಉಪಕಾರ ಅನ್ನಿಸುವವರೂ ಇದ್ದಾರೆ.

ಮೊದಲ ಸುತ್ತು ನಾವು ಮೂವರು ಹಂಚಿಕೊಂಡಿದ್ದೇವೆ. ಕಾಗದದ ಮೇಲೆ ನಾನು 'ಪರಿಶೀಲಕರು–2'. ಅರ್ಜಿದಾರರ ಹೆಸರು ನಮಗೆ ಕೊಡುವುದಿಲ್ಲ, ನಂಬರ್ ಮಾತ್ರ. ಹೆಸರಿನ ಪಟ್ಟಿ ಟಪಾಲು ನೋಡಿಕೊಳ್ಳುವಾಕೆಯ ಬೀರುವಿನಲ್ಲಿ. ನಾನು ಅವಳನ್ನು ಟಪಾಲಮ್ಮ ಎನ್ನುತ್ತೇನೆ, ಅವಳಿಗೂ ಅಭ್ಯಾಸವಾಗಿದೆ. ಹೆಡ್‌ಫೋನ್ ಹಾಕು, ಕೇಳು, ಹತ್ತಕ್ಕೆ ಅಂಕ ಕೊಡು, ಷರಾ ಕಾಲಮ್ಮಿನಲ್ಲಿ ಒಂದು ಸಾಲು ಬರೆ. ನಾಲ್ಕಕ್ಕಿಂತ ಕಡಿಮೆ ಬಿದ್ದರೆ ಸಮಿತಿಯ ಮುಂದೆ ಹೋಗುವುದಿಲ್ಲ. ಒಬ್ಬೊಬ್ಬರದು ಐದು ನಿಮಿಷ, ಅಷ್ಟನ್ನೂ ಕೇಳಬೇಕೆಂದು ನಿಯಮ. ಕೇಳಿದವರನ್ನು ನಾನಂತೂ ಕಂಡಿಲ್ಲ. ನಲವತ್ತು ಸೆಕೆಂಡು ಸಾಕು. ಅನ್ನ ಬೆಂದಿದೆಯಾ ಎಂದು ನೋಡಲು ಒಂದು ಅಗುಳು ಹಿಚುಕಿದರಾಯಿತು.

ಷರಾಗಳು ಚೆನ್ನಾಗಿ ಬಿದ್ದವು. 88ಕ್ಕೆ: "ತಾಳಕ್ಕೂ ಇವರಿಗೂ ಹಳೆಯ ದ್ವೇಷ." 104ಕ್ಕೆ: "ದನಿಯೂ ಶ್ರುತಿಯೂ ಮಾತು ಬಿಟ್ಟು ವರ್ಷಗಳಾಗಿವೆ." 117 — ಹಾಡೇ ಇಲ್ಲ, ಬರೀ ತಗ್ಗಿನ ಗುಂಯ್‌ಗುಟ್ಟುವಿಕೆ. "ಬಾವಿಯ ತಳದಿಂದ ಖಾಲಿ ಕೊಡ ಎಳೆಯುವ ಸದ್ದು. ನೀರು ಬರುವ ಲಕ್ಷಣವಿಲ್ಲ." ಎರಡು ಅಂಕ. ಚಹಾದ ಹೊತ್ತಿಗೆ ಎಲ್ಲರಿಗೂ ಓದಿ ಹೇಳಿದೆ. ಟಪಾಲಮ್ಮ ನಕ್ಕೂ ನಕ್ಕೂ ಲೋಟ ಕೆಳಗಿಟ್ಟಳು.

"ನಿಮ್ಮ ಬಾಯಿಗೆ ಸಿಕ್ಕಿದೋರು ಉಳೀತಾರಾ ಮೇಡಂ!"

ಫೈಲಿನಲ್ಲೇ ಉಳಿಯುವ ಮಾತು. ಯಾರಿಗೇನು ನಷ್ಟ.

ಜೂನ್ 5

ತಲೆನೋವು. ಟ್ರೇಯಲ್ಲಿ ಆರು ಸುತ್ತೋಲೆ. ಆರಕ್ಕೂ ಸಹಿ ಜಡಿದೆ, ಓದಲಿಲ್ಲ. ಮತ್ತೆ ಹೆಡ್‌ಫೋನ್.

ಜೂನ್ 9, ಭಾನುವಾರ

ಅಕ್ಕನ ಮನೆಗೆ ಹೋಗಿದ್ದೆ. ಗೇಟಿನ ಹತ್ತಿರವೇ ಭಾವ ತಡೆದರು. ದನಿ ತಗ್ಗಿಸಿ ಗುಟ್ಟು ಹೇಳಿದರು.

"ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬಂದ್ರೆ ರೂಮಿನ ಚಿಲಕ ಹಾಕಿರತ್ತೆ. ಒಳಗೆ ಏನೋ ಸದ್ದು. ಕೇಳಿದ್ರೆ ರೇಡಿಯೋ ಅಂತಾಳೆ. ನಮ್ಮನೇಲಿ ರೇಡಿಯೋ ಎಲ್ಲಿದೆಯಮ್ಮ?"

ಅಕ್ಕ ಹಾಡುತ್ತಿದ್ದಾಳೆ! ಎರಡು ವರ್ಷದ ಮೇಲೆ. ಕುತ್ತಿಗೆಯ ಆಪರೇಷನ್ ಆದಾಗ ಡಾಕ್ಟರು, ಮಾತಿಗೆ ತೊಂದರೆ ಇಲ್ಲ, ಹಾಡಿನ ಆಸೆ ಬಿಡಿ ಎಂದಿದ್ದರು. ಅಲ್ಲಿಂದ ಈಚೆಗೆ ಅವಳ ಮುಂದೆ ಹಾಡು ಎಂಬ ಮಾತೇ ಎತ್ತಿಲ್ಲ ನಾವು. ಅಮ್ಮ ಹೋದ ಮೇಲೆ ನನಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದವಳು. ಸಾವಿರ ಜನರ ಮುಂದೆ ಹಾಡಿ, ಮನೆಗೆ ಬಂದು ನನ್ನ ಮಗ್ಗಿ ಒಪ್ಪಿಸಿಕೊಂಡವಳು. ನಾನು ಏನೂ ಗೊತ್ತಿಲ್ಲದ ಹಾಗೆ ಕೂತೆ. ಅವಳೇ ಕೇಳಿದಳು.

"ಈ ಸಲ ಕೇಳೋ ಕೆಲಸ ನಿಂದೇನಾ?"

"ಹೂಂ ಅಕ್ಕಾ. ಕಿವಿ ತೂತು ಬಿದ್ದಿದೆ."

"ಎಲ್ಲಾರದ್ದೂ ಪೂರ್ತಿ ಕೇಳ್ತೀಯಾ?"

"ಮತ್ತೆ? ನಿಯಮ ಅಲ್ವಾ."

"ಮನಸ್ಸಿಗೆ ಹಿಡಿಸೋ ಅಂಥದ್ದು ಯಾವುದಾದ್ರೂ ಸಿಕ್ತಾ?"

"ಎಲ್ಲಿ ಬಂತು! ಅರ್ಧಕ್ಕರ್ಧ ಕರ್ಕಶ."

ನಕ್ಕಳು. ಒಳಗೆ ಹೋಗಿ ತುಂಬ ಹೊತ್ತು ಬರಲಿಲ್ಲ. ಬಸ್ಸಿನಲ್ಲಿ ಬರುವಾಗ ಖುಷಿಗೆ ಕಣ್ಣು ತುಂಬಿತು. ಪಕ್ಕದವರು ಜಾಗ ಬಿಟ್ಟು ಕೂತರು.

ಜೂನ್ 26

ಗ್ರಹಚಾರ. ಬೆಳಿಗ್ಗೆಯಿಂದ ಫೋನು. 24ನೇ ತಾರೀಕು ತಿರಸ್ಕಾರದ ಕಾಗದಗಳು ಹೋಗಿವೆ — ಷರಾ ಸಮೇತ! ಈ ವರ್ಷದಿಂದ ಪರಿಶೀಲಕರ ಮಾತನ್ನು ಇದ್ದ ಹಾಗೇ ಅರ್ಜಿದಾರರಿಗೆ ತಿಳಿಸಬೇಕಂತೆ. ಪಾರದರ್ಶಕತೆಯಂತೆ. ಕಾರ್ಯದರ್ಶಿಗಳ ಕೋಣೆಗೆ ಓಡಿದೆ.

"ಸುತ್ತೋಲೆ ಕಳಿಸಿದ್ನಲ್ಲಮ್ಮ. ಇದು ನಿಮ್ಮ ಸಹಿ ಅಲ್ವಾ?"

ನನ್ನದೇ ಸಹಿ. ಬಾಲ ಎಳೆದು ಚೆಂದಕ್ಕೆ ಹಾಕಿದ್ದೇನೆ ಬೇರೆ.

88ನೇ ನಂಬರಿನವರು ಫೋನ್ ಮಾಡಿದ್ದರು. ಮದ್ದಳೆ ನುಡಿಸುವ ಮುದುಕರು. ಲಕ್ವ ಹೊಡೆದು ಎಡಗೈ ಸ್ವಾಧೀನ ತಪ್ಪಿತ್ತಂತೆ, ಈಗೀಗ ಬರುತ್ತಿದೆಯಂತೆ. ಬೈಯಲಿಲ್ಲ. "ತಾಳದ ಮೇಲೆ ನಂಗೇನೂ ದ್ವೇಷ ಇಲ್ಲ ಅಂತ ಬರ್ದೋರಿಗೆ ಹೇಳ್ಬಿಡಿ" ಎಂದರು. ಹೇಳುತ್ತೇನೆ ಎಂದೆ. ಥೂ ನನ್ನ ಜನ್ಮಕ್ಕೆ.

ಜೂನ್ 27, ಸಂಜೆ

ಅಕ್ಕ ಬಾ ಎಂದಳು. ಹೋದೆ. ಮೇಜಿನ ಮೇಲೆ ಪರಿಷತ್ತಿನ ಲಕೋಟೆ. ಅರ್ಜಿ ಸಂಖ್ಯೆ 117.

ಓದಿದೆ. ಬಾವಿ. ಖಾಲಿ ಕೊಡ. ನೀರು ಬರುವ ಲಕ್ಷಣವಿಲ್ಲ. ಪರಿಶೀಲಕರು–2. ಅಕ್ಷರಗಳು ಓಡಾಡಿದವು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

"ಯಾರೇ ಇದು, ಪರಿಶೀಲಕರು ಎರಡು?"

"ಗೊತ್ತಿಲ್ಲಕ್ಕಾ… ಹೊರಗಿನೋರೂ ಇರ್ತಾರೆ. ಯಾವನೋ ತಲೆಕೆಟ್ಟೋನು. ತಲೆಗೆ ಹಚ್ಕೋಬೇಡ."

"ಹೊರಗಿನೋರಾ?"

"ಹೂಂ."

ಕಾಗದ ಮಡಚಿ ಲಕೋಟೆಗೆ ಹಾಕಿದಳು. ಚಹಾ ಮಾಡಲಾ ಎಂದಳು. ಬೇಡ, ಕೆಲಸವಿದೆ ಎಂದು ಎದ್ದೆ. ಚಪ್ಪಲಿ ಎಡದ್ದು ಬಲಕ್ಕೆ ಹಾಕಿಕೊಂಡೆ. ಅವಳು ನೋಡಿರಬೇಕು.

ಜೂನ್ 28

ಬಾಗಿಲು ಹಾಕಿಕೊಂಡು 117 ಕೇಳಿದೆ. ಪೂರ್ತಿ.

ಮೊದಲು ಎರಡು ನಿಮಿಷ ಬರೀ ಗುನುಗು. ದನಿ ಕಾಯಿಸಿಕೊಳ್ಳುತ್ತಿದ್ದಾಳೆ, ಮೆಟ್ಟಿಲು ಹುಡುಕುತ್ತಿದ್ದಾಳೆ. ಆಪರೇಷನ್ ಆದ ಗಂಟಲು ಒಮ್ಮೆಗೇ ತೆರೆಯುತ್ತದೆಯೇ? ಎರಡು ನಿಮಿಷ ಹತ್ತು ಸೆಕೆಂಡಿಗೆ ತೆರೆಯಿತು. ನಾನು ಬಲ್ಲ ಹಳೆಯ ದನಿ ಅಲ್ಲ. ಒರಟು, ತಗ್ಗು. ಒಡೆಯುವ ಕಡೆ ಮುಚ್ಚಿಟ್ಟಿಲ್ಲ, ಒಡೆದೇ ಹಾಡಿದ್ದಾಳೆ. ಅವಳು ಇಷ್ಟು ಚೆನ್ನಾಗಿ ಯಾವತ್ತೂ ಹಾಡಿರಲಿಲ್ಲ. ಹಾಡು ಯಾವುದು — ನನಗೆ ಜ್ವರ ಬಂದಾಗ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟು ಹಾಡುತ್ತಿದ್ದಳಲ್ಲ, ಅದು. ಬೇರೆ ಯಾರಿಗೂ ಅದು ಗೊತ್ತಿಲ್ಲ. ಅವಳೇ ಕಟ್ಟಿದ್ದು.

ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಟಪಾಲಮ್ಮ ಬಾಗಿಲು ತಟ್ಟಿದಳು. ನೆಗಡಿ ಎಂದೆ.

ಅವಳ ಅರ್ಜಿ ತೆಗೆಸಿ ನೋಡಿದೆ. 'ಪರಿಷತ್ತಿನಲ್ಲಿ ಸಂಬಂಧಿಕರು ಇದ್ದಾರೆಯೇ?' ಇಲ್ಲ ಎಂದು ಟಿಕ್ ಹಾಕಿದ್ದಾಳೆ. ಇದ್ದಾರೆ ಎಂದಿದ್ದರೆ ನಾನು ಎದ್ದು ಹೋಗಬೇಕಿತ್ತು, ಬೇರೆಯವರು ಕೇಳುತ್ತಿದ್ದರು. ತಂಗಿಯ ದಯೆಯಿಂದ ಸಿಕ್ಕಿತು ಅನ್ನಿಸಿಕೊಳ್ಳಬಾರದೆಂಬ ಹಟ. ಅವಳ ಸ್ವಾಭಿಮಾನ ನನಗೆ ಗೊತ್ತಿಲ್ಲವೇ.

ದಾರಿ ಒಂದಿದೆ. ಮರುಪರಿಶೀಲನೆ. ಕಾಗದದ ತಾರೀಕಿನಿಂದ ಹದಿನೈದು ದಿನ, ಅಂದರೆ ಜುಲೈ 9, ಸಂಜೆ ಐದರೊಳಗೆ. ಅರ್ಜಿದಾರರ ಸಹಿ ಬೇಕು, ಕಾರಣ ಬರೆಯಬೇಕು. ಕಾರಣ: ಪರಿಶೀಲಕರು ಪೂರ್ತಿ ಕೇಳಿಲ್ಲ. ಅದನ್ನು ಅವಳಿಗೆ ಹೇಳಬೇಕು. ನಾನೇ ಹೇಳಬೇಕು. ನಾಳೆಯೇ.

ಜುಲೈ 1

ಹೋಗಲಿಲ್ಲ. ಇವತ್ತೂ.

ಜುಲೈ 4

ಅಕ್ಕನ ಫೋನು. ಯಾಕೆ ಈ ಕಡೆ ತಲೆ ಹಾಕಿಲ್ಲ ಎಂದಳು. ಆಫೀಸಿನಲ್ಲಿ ಇನ್‌ಸ್ಪೆಕ್ಷನ್ ಎಂದೆ. "ಏನಾದ್ರೂ ಹೇಳೋದಿತ್ತಾ?" ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ — "ನಂದೇನಿರತ್ತೆ ಹೇಳೋಕೆ!" ಎಂದು ಜೋರಾಗಿಯೇ ಅಂದುಬಿಟ್ಟೆ.

ಜುಲೈ 6

ಅವಳ ಬೀದಿಯ ತಿರುವಿನ ತನಕ ಹೋದೆ. ಬಾಳೆಹಣ್ಣು ಕೊಂಡೆ. ವಾಪಸ್ ಬಂದೆ. ಹಣ್ಣು ಇಲ್ಲೇ ಕಪ್ಪಾಗುತ್ತಿದೆ. ಊರವರನ್ನೆಲ್ಲ ಒಂದು ಸಾಲಿನಲ್ಲಿ ಅಳೆಯುವ ಧೈರ್ಯವಂತೆ ನಾನು.

ಜುಲೈ 9, ಮಂಗಳವಾರ

ರಜೆ ಹಾಕಿ ಹೋದೆ. ಮಧ್ಯಾಹ್ನ ಎರಡು. ಅಕ್ಕ ಒಣಗಿದ ಬಟ್ಟೆ ಮಡಚುತ್ತಿದ್ದಳು. ಕೂರುವ ಮೊದಲೇ ಹೇಳಿದೆ, ಕೂತರೆ ಹೇಳಲಾಗುವುದಿಲ್ಲವೆಂದು.

"ಅಕ್ಕಾ, ಪರಿಶೀಲಕರು ಎರಡು ನಾನೇ."

ಮಡಚುವ ಕೈ ನಿಲ್ಲಲಿಲ್ಲ.

"ಗೊತ್ತು."

"ಯಾರು ಹೇಳಿದ್ರು?"

"ಯಾರು ಹೇಳ್ಬೇಕೇ? ಕಾಗದ ಬಿಚ್ಚಿ ಆ ಸಾಲು ಓದಿದ ಕೂಡಲೇ ಗೊತ್ತಾಯ್ತು. ಚಿಕ್ಕೋಳಿದ್ದಾಗಿಂದ ನಿನ್ನ ಇಂಥ ಮಾತಿಗೆ ಮನೇಲಿ ಮೊದಲು ನಗ್ತಿದ್ದೋಳು ನಾನೇ ಅಲ್ವಾ. ಒಂದು ಸಾಲು ಸಾಕಾಯ್ತು ನಂಗೆ."

ಇನ್ನೊಂದು ಬಟ್ಟೆ ಎತ್ತಿಕೊಂಡಳು.

"ಎಷ್ಟು ಕೇಳ್ದೆ?"

"ನಲವತ್ತು ಸೆಕೆಂಡು… ಆಮೇಲೆ ಪೂರ್ತಿ ಕೇಳ್ದೆ ಅಕ್ಕಾ. ದಿನಾ ಕೇಳ್ತಿದೀನಿ. ಎಷ್ಟು ಚೆನ್ನಾಗಿದೆ ಅಂದ್ರೆ —"

"ಹೆಸರು ಗೊತ್ತಾದ್ಮೇಲೆ."

ಹೌದು.

"ಅವತ್ತೇ 'ನಾನೇ' ಅಂದಿದ್ರೆ ಬೈದು, ಅತ್ತು, ಇಬ್ರೂ ನಕ್ಕು ಬಿಡ್ತಿದ್ವಿ. ಹೊರಗಿನೋರು ಅಂದ್ಯಲ್ಲೇ."

ಮರುಪರಿಶೀಲನೆಯ ಫಾರಂ ತೆಗೆದು ಮುಂದಿಟ್ಟೆ. ಐದು ಗಂಟೆಯ ತನಕ ಸಮಯವಿದೆ, ಸಹಿ ಹಾಕು, ಬೇರೆಯವರು ಕೇಳುತ್ತಾರೆ, ನಾನು ಎದ್ದು ಹೋಗುತ್ತೇನೆ ಎಂದೆಲ್ಲ ಬಡಬಡಿಸಿದೆ. ಕಾಲು ಹಿಡಿಯುವುದೊಂದು ಬಾಕಿ.

"ನೀನು ಎದ್ದು ಹೋಗ್ಬಾರ್ದು ಅಂತಲೇ ಕಣೇ ಸಂಬಂಧಿಕರು ಇಲ್ಲ ಅಂತ ಟಿಕ್ ಹಾಕಿದ್ದು. ತಂಗಿ ಇದಾಳೆ ಅಂದಿದ್ರೆ ನಿನ್ನ ಕೈಗೇ ಬರ್ತಿರ್ಲಿಲ್ಲ. ಆಪರೇಷನ್ ಆದ್ಮೇಲೆ ಯಾರ ಮುಂದೂ ಬಾಯಿ ಬಿಟ್ಟಿಲ್ಲ ನಾನು. ಮೊದಲು ನೀನು ಕೇಳ್ಲಿ, ನಿಂಗೆ ಗುರುತು ಸಿಕ್ರೆ ಇನ್ನೂ ಹಾಡು ಉಳ್ಕೊಂಡಿದೆ ಅಂತ ಅರ್ಥ, ಆಮೇಲೆ ನಾಲ್ಕು ಜನದ ಮುಂದೆ ನಿಲ್ಲೋಣ ಅಂತ…"

ಫಾರಂ ಮಡಚಿ ನನ್ನ ಬ್ಯಾಗಿಗೆ ಅವಳೇ ಹಾಕಿದಳು. ಜಿಪ್ ಎಳೆದಳು.

"ಊಟ ಮಾಡ್ಕೊಂಡು ಹೋಗು. ಮುಖ ನೋಡಿದ್ರೆ ಬೆಳಿಗ್ಗೆಯಿಂದ ಏನೂ ತಿಂದಂಗಿಲ್ಲ."

ತಿಂದೆ. ಬಡಿಸಿದಳು. ಮತ್ತೆ ಕೇಳಿ ಬಡಿಸಿದಳು. ಗೋಡೆಯ ಗಡಿಯಾರದಲ್ಲಿ ಐದಾದದ್ದನ್ನು ಇಬ್ಬರೂ ನೋಡಿದೆವು.

ಜುಲೈ 10

ಬೆಳಿಗ್ಗೆ ಅವಳದೇ ಫೋನು. ತಿಂಡಿ ಆಯ್ತಾ ಎಂದಳು. ಎಂದಿನ ಹಾಗೇ. ನಾನು ಒಂದೇ ಒಂದು ಸಲ, ನನಗೋಸ್ಕರ, ಇಲ್ಲೇ ಫೋನಿನಲ್ಲೇ ಹಾಡು ಎಂದು ಕೇಳಲು ಬಾಯಿ ತೆರೆದೆ. "ಅಕ್ಕಾ" ಎಂದದ್ದಷ್ಟೇ. ಒಲೆ ಮೇಲೆ ಹಾಲಿದೆ ಎಂದು ಇಟ್ಟುಬಿಟ್ಟಳು.

ಇಟ್ಟ ಮೇಲೂ ಫೋನು ಕಿವಿಯಲ್ಲೇ ಹಿಡಿದುಕೊಂಡಿದ್ದೆ. ನಾಳೆ ಕೇಳುತ್ತೇನೆ. ಬೇಡ ಎನ್ನಲಿ, ಬೈಯಲಿ, ಕೇಳಿಯೇ ಬಿಡುತ್ತೇನೆ. ಅವಳೇನಾದರೂ ಹಾಡಿದರೆ ಈ ಸಲ ಪೂರ್ತಿ ಕೇಳುತ್ತೇನೆ.